ಚಿಂಗ್‌ಫರ್ಡ್‌ನ ಬೇಟೆ ಅಟ್ಟಣೆ: ಅರ್ಧ ದಿನದಲ್ಲಿ ನೋಡಿಬರುವುದು ಹೇಗೆ

ಲಾಡ್ಜ್ ಅಂದರೆ ನಮ್ಮ ತಲೆಗೆ ಮೊದಲು ಬರುವುದು ಬಸ್ ಸ್ಟ್ಯಾಂಡ್ ಎದುರಿನ ಬೋರ್ಡಿಂಗ್ ಅಂಡ್ ಲಾಡ್ಜಿಂಗ್. ರೂಮು, ಮಂಚ, ಬಿಸಿನೀರು ಬೆಳಿಗ್ಗೆ ಎಂಟರವರೆಗೆ. ಲಂಡನ್ನಿನ ಈಶಾನ್ಯ ಅಂಚಿನಲ್ಲಿ, ಚಿಂಗ್‌ಫರ್ಡ್ ಎಂಬಲ್ಲಿ, ಕ್ವೀನ್ ಎಲಿಜಬೆತ್ಸ್ ಹಂಟಿಂಗ್ ಲಾಡ್ಜ್ ಅಂತ ಒಂದಿದೆ. ಹೆಸರು ಕೇಳಿ ರಾಣಿ ಬಂದು ಮಲಗುತ್ತಿದ್ದ ಮನೆ ಇರಬೇಕು ಅಂದುಕೊಂಡರೆ ಎರಡು ತಪ್ಪಾಗುತ್ತವೆ. ಇದನ್ನು ಕಟ್ಟಿಸಿದವಳು ಮೊದಲನೇ ಎಲಿಜಬೆತ್ ಅಲ್ಲ, ಅವಳ ಅಪ್ಪ ಎಂಟನೇ ಹೆನ್ರಿ, 1543ರಲ್ಲಿ. ಮತ್ತೆ ಇದು ಮಲಗುವುದಕ್ಕೆ ಕಟ್ಟಿದ್ದಲ್ಲ, ನಿಲ್ಲುವುದಕ್ಕೆ ಕಟ್ಟಿದ್ದು. ಆಗ ಇದರ ಹೆಸರೇ ‘ಗ್ರೇಟ್ ಸ್ಟ್ಯಾಂಡಿಂಗ್’. ನಮ್ಮ ಮಾತಲ್ಲಿ ಹೇಳಬೇಕು ಅಂದರೆ ಅಟ್ಟಣೆ. ಹೊಲದಲ್ಲಿ ಹಂದಿ ಕಾಯಲು ಕಟ್ಟುತ್ತಾರಲ್ಲ, ಅದರ ಮೂರು ಅಂತಸ್ತಿನ ಅರಮನೆ ಅವತಾರ.

ಇಷ್ಟು ತಲೆಯಲ್ಲಿಟ್ಟುಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ. ಈಗ ಮ್ಯೂಸಿಯಂ ಆಗಿರುವ ಈ ಕಟ್ಟಡಕ್ಕೆ ಬಂದವರಲ್ಲಿ ಅನೇಕರು ಒಳಗಿನ ವಸ್ತುಗಳನ್ನು ನೋಡಿ, ಹದಿನೈದು ನಿಮಿಷದಲ್ಲಿ ‘ಇಷ್ಟೇನಾ’ ಅಂತ ಹೊರಬರುತ್ತಾರೆ. ಆದರೆ ಇದನ್ನು ಕಟ್ಟಿದ್ದು ಹೊರಗೆ ನೋಡುವುದಕ್ಕೆ.

ಹೊರಡುವ ಮುಂಚೆ

ಪ್ರವೇಶ ಉಚಿತ. ಆದರೂ ಹಿಂದಿನ ದಿನ ತೆರೆದಿರುವ ದಿನ, ಸಮಯ ಎರಡನ್ನೂ ನೋಡಿಕೊಳ್ಳಿ. ಈ ಕಟ್ಟಡವನ್ನೂ ಅದರ ಸುತ್ತಲಿನ ಎಪಿಂಗ್ ಫಾರೆಸ್ಟ್ ಎಂಬ ಕಾಡನ್ನೂ ನೋಡಿಕೊಳ್ಳುವುದು ಸಿಟಿ ಆಫ್ ಲಂಡನ್ ಕಾರ್ಪೊರೇಷನ್. ಅವರ ವೆಬ್‌ಸೈಟಿನಲ್ಲಿ ಎಪಿಂಗ್ ಫಾರೆಸ್ಟ್ ಪುಟಕ್ಕೆ ಹೋದರೆ ಸಾಕು. ಶಾಲೆಯ ಮಕ್ಕಳು ಗುಂಪಾಗಿ ಬರುವ ಜಾಗ ಇದು. ನಿಮಗೆ ಸದ್ದಿಲ್ಲದೆ ನೋಡುವ ಆಸೆ ಇದ್ದರೆ ಶನಿವಾರ, ಭಾನುವಾರ ಬಾಗಿಲು ತೆಗೆದ ಕೂಡಲೇ ಹೋಗಿ.

ಇನ್ನೊಂದು ಮಾತು, ಶೂ. ಕಟ್ಟಡದ ಎದುರಿನ ಬಯಲು ಅಂಟುಮಣ್ಣಿನದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಾಲಿಟ್ಟರೆ ಮಣ್ಣು ಶೂವನ್ನು ಕಿತ್ತುಕೊಳ್ಳುತ್ತದೆ. ಬಿಳಿ ಸ್ನೀಕರ್ ಹಾಕಿಕೊಂಡು ಹೋದ ನೆಂಟರೊಬ್ಬರು ವಾಪಸ್ ಬರುವಾಗ ರೈಲಿನಲ್ಲಿ ಕಾಲು ಸೀಟಿನ ಕೆಳಗೆ ಬಚ್ಚಿಟ್ಟುಕೊಂಡು ಕೂತಿದ್ದರು. ಹಳೇ ಬೂಟು ಇದ್ದರೆ ಅದೇ ಹಾಕಿಕೊಳ್ಳಿ.

ಕಟ್ಟಡಕ್ಕೆ ಒಂದು ಗಂಟೆ, ಸುತ್ತಲಿನ ಕಾಡಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಮಾರ್ಚ್, ಏಪ್ರಿಲ್ ನನಗೆ ಇಷ್ಟ. ಮರಗಳಲ್ಲಿ ಎಲೆ ಇನ್ನೂ ತುಂಬಿರುವುದಿಲ್ಲ, ಹಾಗಾಗಿ ಮರದ ಆಕಾರ ಕಾಣುತ್ತದೆ. ಆಕಾರ ಯಾಕೆ ನೋಡಬೇಕು ಅನ್ನೋದು ಮುಂದೆ ಬರುತ್ತದೆ.

ರೈಲು, ಆಮೇಲೆ ಕಾಲ್ನಡಿಗೆ

ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಓವರ್‌ಗ್ರೌಂಡ್ ರೈಲು ಹತ್ತಿ. ಈ ದಾರಿಗೆ 2024ರಿಂದ ವೀವರ್ ಲೈನ್ ಅಂತ ಹೆಸರು. ಅದೇ ಲೈನಿನಲ್ಲಿ ಎನ್‌ಫೀಲ್ಡ್ ಕಡೆಗೂ ಚೆಷಂಟ್ ಕಡೆಗೂ ರೈಲು ಹೋಗುತ್ತವೆ, ಹಾಗಾಗಿ ಬೋರ್ಡಿನಲ್ಲಿ ಚಿಂಗ್‌ಫರ್ಡ್ ಅಂತ ಇರುವುದನ್ನೇ ನೋಡಿ ಹತ್ತಿ. ಸುಮಾರು ಅರ್ಧ ಗಂಟೆ. ಮೆಟ್ರೋದ ವಿಕ್ಟೋರಿಯಾ ಲೈನ್ ಹತ್ತಿರ ಇರುವವರು ವಾಲ್ಥಮ್‌ಸ್ಟೋ ಸೆಂಟ್ರಲ್‌ನಲ್ಲಿ ಬದಲಾಯಿಸಿದರೆ ಇನ್ನೂ ಬೇಗ. ಚಿಂಗ್‌ಫರ್ಡ್ ಕೊನೇ ನಿಲ್ದಾಣ, ನಿದ್ದೆ ಹೋದರೂ ದಾಟಿ ಹೋಗುವ ಭಯವಿಲ್ಲ. ಟಿಕೆಟ್ ದರದ ಲೆಕ್ಕಕ್ಕೆ 5ನೇ ವಲಯದಲ್ಲಿದೆ. ಕಾರ್ಡನ್ನು ಹತ್ತುವಾಗಲೂ ಇಳಿಯುವಾಗಲೂ ಮುಟ್ಟಿಸುವುದು ಮರೆಯಬೇಡಿ. ಭಾನುವಾರ ಹಳಿ ರಿಪೇರಿ ಅಂತ ರೈಲು ನಿಲ್ಲಿಸುವುದೂ ಉಂಟು, ಬೆಳಿಗ್ಗೆಯೇ ನೋಡಿಕೊಳ್ಳಿ.

ನಿಲ್ದಾಣದಿಂದ ಹೊರಬಂದು ಬಲಕ್ಕೆ ತಿರುಗಿ ಅದೇ ರಸ್ತೆಯಲ್ಲಿ ನಡೆಯಿರಿ. ಕೆಲವೇ ನಿಮಿಷದಲ್ಲಿ ಅಂಗಡಿ ಸಾಲು ಮುಗಿದು, ಎಡಗಡೆ ಇದ್ದಕ್ಕಿದ್ದಂತೆ ಬಯಲು ತೆರೆದುಕೊಳ್ಳುತ್ತದೆ. ಇದೇ ಚಿಂಗ್‌ಫರ್ಡ್ ಪ್ಲೇನ್. ರಸ್ತೆಯ ಹೆಸರು ಈಗ ರೇಂಜರ್ಸ್ ರೋಡ್. ಸ್ವಲ್ಪ ಏರು. ಹತ್ತು ಹದಿನೈದು ನಿಮಿಷದ ನಡಿಗೆ.

ಇಲ್ಲೊಂದು ಎಚ್ಚರಿಕೆ. ಏರಿನ ಮೇಲೆ ದೊಡ್ಡದೊಂದು ಕಟ್ಟಡ ಕಾಣುತ್ತದೆ. ಕಪ್ಪು ತೊಲೆಗಳು, ಬಿಳಿ ಗೋಡೆ, ಪಕ್ಕಾ ಟ್ಯೂಡರ್ ಕಾಲದ, ಅಂದರೆ ಹೆನ್ರಿ, ಎಲಿಜಬೆತ್ ವಂಶದ ಕಾಲದ ಚಿತ್ರ. ಮೊದಲ ಸಲ ಹೋದಾಗ ನಾನು ಅದರ ಮುಂದೆ ನಿಂತು ಹನ್ನೆರಡು ಫೋಟೋ ತೆಗೆದು, ಮನೆಗೆ ವಾಟ್ಸಾಪ್ ಕೂಡ ಮಾಡಿಬಿಟ್ಟೆ. ಅದು 1880ರ ಹೋಟೆಲ್! ರೈಲು ಬಂದ ಮೇಲೆ ಕಾಡು ನೋಡಲು ಬರುವ ಜನರಿಗಾಗಿ ಹಳೇ ಶೈಲಿಯಲ್ಲಿ ಕಟ್ಟಿದ್ದು. ನಿಜವಾದದ್ದು ಅದರಾಚೆ ಸುಮ್ನೆ ನಿಂತಿದೆ. ಚಿಕ್ಕದು, ಕೆನೆಬಿಳಿ ಬಣ್ಣ, ಕಡಿದಾದ ಹೆಂಚಿನ ಸೂರು.

ಒಳಗೆ ನುಗ್ಗಬೇಡಿ, ಒಂದು ಸುತ್ತು ಬನ್ನಿ

ಹಳೇ ಕಟ್ಟಡ ಯಾಕೆ ಕಪ್ಪು-ಬಿಳಿ ಇಲ್ಲ? ಕಪ್ಪು ಬಳಿದ ತೊಲೆ ಬಹುಮಟ್ಟಿಗೆ 19ನೇ ಶತಮಾನದ ವಿಕ್ಟೋರಿಯಾ ಕಾಲದವರ ಖಯಾಲಿ. ಈ ಕಟ್ಟಡಕ್ಕೆ ಗೋಡೆ, ತೊಲೆ ಎರಡಕ್ಕೂ ಸೇರಿಸಿ ಒಂದೇ ಸಮನೆ ಸುಣ್ಣ ಬಳಿದಿದ್ದಾರೆ. ಟ್ಯೂಡರ್ ಕಾಲದ ರೂಢಿ ಅದು. ಈಗಲೂ ಹಾಗೇ ಇಟ್ಟಿದ್ದಾರೆ. ದೂರದಿಂದ ಸಪ್ಪೆ, ಹತ್ತಿರ ಹೋದರೆ ಸುಣ್ಣದ ಕೆಳಗೆ ಮರದ ಗೆರೆಗಳು ಉಬ್ಬಿ ಕಾಣುತ್ತವೆ.

ಇಡೀ ಕಟ್ಟಡ ಓಕ್ ಮರದ ಚೌಕಟ್ಟು. ಓಕನ್ನು ಒಣಗಿಸಿ ಕೆತ್ತುವುದು ಕಷ್ಟ, ಕಬ್ಬಿಣದಂತೆ ಆಗಿಬಿಡುತ್ತದೆ. ಹಾಗಾಗಿ ಆ ಕಾಲದ ಬಡಗಿಗಳು ಹಸಿ ಮರವನ್ನೇ ಕೆತ್ತಿ, ತೂತು ಕೊರೆದು, ಕಚ್ಚು ಕೂರಿಸಿ, ಮರದ ಗೂಟ ಹೊಡೆದು ಜೋಡಿಸುತ್ತಿದ್ದರು. ಮರ ನಿಂತಲ್ಲೇ ಒಣಗುತ್ತಾ ಬಿಗಿಯಾಗುತ್ತಿತ್ತು, ಜೊತೆಗೆ ಅಲ್ಲಲ್ಲಿ ಸೊಟ್ಟಗೂ ಆಗುತ್ತಿತ್ತು. ಹಳೇ ಮರದ ಮನೆಗಳು ವಾರೆಯಾಗಿ ಕಾಣುವುದು ಇದಕ್ಕೇ. ಕಂಬ ತೊಲೆ ಸೇರುವ ಕಡೆ ಕೈಯಿಟ್ಟು ಹುಡುಕಿ, ಗೂಟದ ದುಂಡನೆ ತಲೆ ಸಿಗುತ್ತದೆ.

ಈಗ ಎರಡು ಹೆಜ್ಜೆ ಹಿಂದೆ ಬಂದು, ಕಣ್ಣಲ್ಲೇ ಗೋಡೆಗಳನ್ನು ಅಳಿಸಿಹಾಕಿ. ಮೇಲಿನ ಎರಡು ಅಂತಸ್ತುಗಳಿಗೆ ಮೊದಲು ಗೋಡೆಯೇ ಇರಲಿಲ್ಲ. ಕಂಬಗಳ ನಡುವೆ ಬರೀ ಗಾಳಿ. ಗೋಡೆ, ಕಿಟಕಿ ತುಂಬಿದ್ದು ಬೇಟೆಯ ಕಾಲ ಮುಗಿದು, ಕಟ್ಟಡ ಕಾಡಿನ ಕಾವಲುಗಾರರ ಮನೆಯಾಗಿ ಬೇರೆ ಕೆಲಸಕ್ಕೆ ಬಂದ ಮೇಲೆ. ಹಾಗೆ ತೆರೆದ ಅಟ್ಟಣೆಯಾಗಿ ಊಹಿಸಿಕೊಂಡರೆ ಕಟ್ಟಡದ ವಿಚಿತ್ರ ಆಕಾರಕ್ಕೆ ಅರ್ಥ ಬರುತ್ತದೆ. ನಿಲ್ಲಲು ಒಂದು ಭಾಗ, ಅದಕ್ಕೆ ಅಂಟಿಕೊಂಡು ಮೆಟ್ಟಿಲಿಗೇ ಮೀಸಲಾದ ಇನ್ನೊಂದು ಭಾಗ. ಬೇರೆ ಕೋಣೆಗಳ ಗೋಜೇ ಇಲ್ಲ.

ಮೊದಲು ಮೇಲಕ್ಕೆ

ಕೆಳಗಿನ ಅಡುಗೆಮನೆ ಕಣ್ಣು ಸೆಳೆಯುತ್ತದೆ. ಅದನ್ನು ಆಮೇಲೆ ನೋಡಿ. ನನ್ನ ಸಲಹೆ: ನೇರ ಮೂರನೇ ಅಂತಸ್ತಿಗೆ ಹತ್ತಿ, ಅಲ್ಲಿಂದ ಇಳಿಯುತ್ತಾ ನೋಡುತ್ತಾ ಬನ್ನಿ. ಬಂದ ಅತಿಥಿಗಳೂ ಮೊದಲು ಮೇಲಕ್ಕೇ ಹೋಗುತ್ತಿದ್ದರು, ಅಲ್ವಾ?

ಮೆಟ್ಟಿಲನ್ನು ಮಾತ್ರ ನಿಧಾನ ಹತ್ತಿ. ಅಗಲವಾದ, ಎತ್ತರ ಕಮ್ಮಿ ಇರುವ ಓಕ್ ಮೆಟ್ಟಿಲುಗಳು. ಕೆಲವು ಮೆಟ್ಟಿಲು, ಒಂದು ಕಟ್ಟೆ, ತಿರುವು, ಮತ್ತೆ ಕೆಲವು ಮೆಟ್ಟಿಲು. ಭಾರೀ ಉಡುಪಿನವರೂ ಏದುಸಿರಿಲ್ಲದೆ ಹತ್ತಬಹುದು. ಇದು ಕಟ್ಟಿದಾಗ ಹೆನ್ರಿಗೆ 52 ವರ್ಷ. 1536ರಲ್ಲಿ ಕುದುರೆಯಿಂದ ಬಿದ್ದಮೇಲೆ ಕಾಲಿನ ಹುಣ್ಣು ಕಾಡುತ್ತಿತ್ತು, ಮೈ ವಿಪರೀತ ಬೆಳೆದಿತ್ತು. ದಿನವಿಡೀ ಕುದುರೆ ಮೇಲೆ ಜಿಂಕೆ ಅಟ್ಟಿಸಿಕೊಂಡು ಹೋಗುವ ದಿನಗಳು ಮುಗಿದಿದ್ದವು. ಜಿಂಕೆಯೇ ರಾಜನ ಬಳಿಗೆ ಬರಬೇಕಿತ್ತು.

ಈ ಮೆಟ್ಟಿಲಿನ ಮೇಲೊಂದು ಕಥೆಯಿದೆ, ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 1588ರಲ್ಲಿ ಸ್ಪೇನಿನ ನೌಕಾಪಡೆ ಸೋತ ಸುದ್ದಿ ಕೇಳಿದ ಎಲಿಜಬೆತ್ ಖುಷಿ ತಾಳಲಾರದೆ ಕುದುರೆ ಮೇಲೆ ಕೂತೇ ಈ ಮೆಟ್ಟಿಲು ಹತ್ತಿಬಿಟ್ಟಳಂತೆ. ದಾಖಲೆ ಕೇಳಬೇಡಿ, ಊರಿನ ಕಥೆ ಇದು. ಮೆಟ್ಟಿಲು ನೋಡಿದರೆ ಕುದುರೆ ಹತ್ತೀತು ಅನ್ನಿಸುವುದು ನಿಜ. ಇಳಿಸಿದ್ದು ಹೇಗೆ ಅಂತ ಕಥೆ ಹೇಳಿದವರು ಯಾರೂ ಯೋಚಿಸಿದ ಹಾಗಿಲ್ಲ. ದಾಖಲೆಯಲ್ಲಿರುವುದು 1589ರಲ್ಲಿ ಅವಳಿಗಾಗಿ ಕಟ್ಟಡ ರಿಪೇರಿ ಆಯಿತು ಅನ್ನೋದು. ಹೆಸರು ಅವಳಿಗೇ ಅಂಟಿಕೊಂಡಿತು.

ಮೇಲೆ ಬಂದಿರಾ? ತಲೆ ಎತ್ತಿ. ಸೂರಿನ ಮರಗಳೆಲ್ಲ ಬಿಚ್ಚುಬಿಚ್ಚಾಗಿ ಕಾಣುತ್ತವೆ, ದೋಣಿಯನ್ನು ಬೋರಲು ಹಾಕಿದ ಹಾಗೆ. ಬಾಗಿದ ಮರಗಳನ್ನು ಗಮನಿಸಿ. ಇಂಥ ಬಾಗನ್ನು ಬಡಗಿಗಳು ನೇರ ಮರದಿಂದ ಕೊಯ್ದು ಮಾಡುತ್ತಿರಲಿಲ್ಲ. ಕಾಡಿನಲ್ಲಿ ಹಾಗೇ ಬಾಗಿ ಬೆಳೆದ ಕೊಂಬೆಯನ್ನು ಹುಡುಕಿ ತರುತ್ತಿದ್ದರು, ನೇಗಿಲಿಗೆ ಮರ ಹುಡುಕಿದ ಹಾಗೆ.

ಆಮೇಲೆ ಕಿಟಕಿಗೆ ಹೋಗಿ. ಇಲ್ಲಿ ಐದು ನಿಮಿಷ ನಿಲ್ಲಲೇಬೇಕು. ಕೆಳಗೆ ಹಸಿರು ಬಯಲು, ಅದರಾಚೆ ಕಾಡಿನ ಅಂಚು. ಬೇಟೆಯ ದಿನ ಆ ಅಂಚಿನ ಹಿಂದೆ ಸೋವುವವರೂ ನಾಯಿಗಳೂ ಇರುತ್ತಿದ್ದರು. ಹಾ ಹೂ ಅಂತ ಸದ್ದು ಮಾಡುತ್ತಾ ಜಿಂಕೆಗಳನ್ನು ಬಯಲಿಗೆ ತಳ್ಳಿ ಅಟ್ಟಣೆಯ ಮುಂದೆ ಹಾಯಿಸುತ್ತಿದ್ದರು. ಮೇಲಿದ್ದವರಲ್ಲಿ ಕೆಲವರು ಬಿಲ್ಲು, ಅಡ್ಡಬಿಲ್ಲು ಹಿಡಿದು ಹೊಡೆಯುತ್ತಿದ್ದರು, ಉಳಿದವರು ಕೈಯಲ್ಲಿ ಪಾನಪಾತ್ರೆ ಹಿಡಿದು ನೋಡುತ್ತಿದ್ದರು. ಎಲಿಜಬೆತ್ 1591ರಲ್ಲಿ, 57ರ ವಯಸ್ಸಿನಲ್ಲಿ, ಸಸೆಕ್ಸ್‌ನ ಕೌಡ್ರೇಯಲ್ಲಿ ಇಂಥದೇ ಒಂದು ಕಡೆ ನಿಂತು ಸಂಗೀತ ನಡೆಯುತ್ತಿರುವಾಗಲೇ ಅಡ್ಡಬಿಲ್ಲಿನಿಂದ ಮೂರು ನಾಲ್ಕು ಜಿಂಕೆ ಹೊಡೆದಳು. ಬೇಟೆ ಅನ್ನುವುದಕ್ಕಿಂತ ಇದನ್ನು ದರ್ಬಾರು ಅನ್ನಬೇಕು. ರಾಜನ ಪಕ್ಕ ಯಾರಿಗೆ ನಿಲ್ಲಲು ಜಾಗ ಸಿಕ್ಕಿತು ಅನ್ನೋದೇ ಅಲ್ಲಿ ಮುಖ್ಯ.

ಹಂಪಿಯ ಮಹಾನವಮಿ ದಿಬ್ಬ ನೋಡಿದವರಿಗೆ ಈ ಕಿಟಕಿಯ ಹತ್ತಿರ ಅದು ನೆನಪಾದೀತು. ಅದೂ ರಾಜ ಎತ್ತರದಲ್ಲಿ ಕೂತು ನೋಡುವ, ಜನರಿಗೆ ಕಾಣಿಸಿಕೊಳ್ಳುವ ಜಾಗ. ಅದರ ಕಲ್ಲಿನ ಪಟ್ಟಿಗಳಲ್ಲಿ ಬೇಟೆಯ ಚಿತ್ರಗಳೂ ಇವೆ. ಇಲ್ಲಿ ಓಕ್ ಕಡಿಯುತ್ತಿದ್ದಾಗ ವಿಜಯನಗರ ಇನ್ನೂ ತುಂಬಿದ ಊರು. ತಾಳಿಕೋಟೆ ಯುದ್ಧಕ್ಕೆ ಇನ್ನೂ 22 ವರ್ಷ ಬಾಕಿ.

ಇಳಿಯುತ್ತಾ

ನಡುವಿನ ಅಂತಸ್ತನ್ನು ಬೇಗ ಮುಗಿಸಬಹುದು. ಮಕ್ಕಳಿದ್ದರೆ ಮಾತ್ರ ಬೇಗ ಆಗುವುದಿಲ್ಲ, ಟ್ಯೂಡರ್ ಕಾಲದ ಉಡುಪು ತೊಟ್ಟು ನೋಡುವ ಅವಕಾಶ ಇರುತ್ತದೆ. ಫೋಟೋ ತೆಗೆಯಲು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಲ್ಲಿಸಬೇಡಿ, ಪಕ್ಕಕ್ಕೆ ತಿರುಗಿಸಿ.

ಕೆಳಗಿನ ಅಡುಗೆಮನೆಯಲ್ಲಿ ಆ ಕಾಲದ ಊಟದ ಮಾದರಿಗಳನ್ನು ಜೋಡಿಸಿಟ್ಟಿದ್ದಾರೆ. ಇಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅಂತ ಹುಡುಕುವ ಆಟ ಆಡಿ. 1543ರ ಇಂಗ್ಲೆಂಡಿನ ಅಡುಗೆಯಲ್ಲಿ ಆಲೂಗಡ್ಡೆ ಇಲ್ಲ, ಟೊಮ್ಯಾಟೊ ಇಲ್ಲ. ನಮ್ಮ ಅಡುಗೆಯಲ್ಲೂ ಆಗ ಅವೆರಡೂ ಇರಲಿಲ್ಲ ಅನ್ನಿ. ಕಾಳುಮೆಣಸು ಇತ್ತು, ಆದರೆ ದುಬಾರಿ. ನಮ್ಮ ಪಶ್ಚಿಮ ಕರಾವಳಿಯಿಂದ ಪೋರ್ಚುಗೀಸರ ಹಡಗಿನಲ್ಲಿ ಯುರೋಪಿಗೆ ಬರುತ್ತಿತ್ತು. ಎಲಿಜಬೆತ್ ಇಲ್ಲಿ ಆಳುತ್ತಿದ್ದಾಗಲೇ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು, ಪೋರ್ಚುಗೀಸರ ಬಾಯಲ್ಲಿ ‘ಮೆಣಸಿನ ರಾಣಿ’. ಮಗಳಿಗೆ ಇದನ್ನು ಹೇಳಿದಾಗ ಅವಳ ಪ್ರಶ್ನೆ, ‘ಅವರಿಬ್ಬರಿಗೂ ಪರಿಚಯ ಇತ್ತಾ?’

ಜಿಂಕೆ ಮಾಂಸದ ಬಗ್ಗೆ ಒಂದು ಮಾತು. ಅದು ಸಂತೆಯಲ್ಲಿ ಕೊಂಡು ತರುವ ಸರಕಾಗಿರಲಿಲ್ಲ. ಜಿಂಕೆ ಇರುವವನು ತನಗೆ ಬೇಕಾದವರಿಗೆ ಉಡುಗೊರೆಯಾಗಿ ಕಳಿಸುತ್ತಿದ್ದ. ತಟ್ಟೆಯಲ್ಲಿ ಜಿಂಕೆ ಇದೆ ಅಂದರೆ ನಿಮ್ಮನ್ನು ಯಾರೋ ದೊಡ್ಡವರು ಬಲ್ಲರು ಅಂತ ಅರ್ಥ.

ಹೊರಡುವ ಮುಂಚೆ ಅಲ್ಲಿರುವ ಸಿಬ್ಬಂದಿಯನ್ನು ಮಾತಾಡಿಸಿ. ‘ಇಲ್ಲಿ ನಿಮಗೆ ಇಷ್ಟವಾದ ಮರದ ತುಂಡು ಯಾವುದು’ ಅಂತ ಕೇಳಿ ನೋಡಿ. ನಾನು ಕೇಳಿದ ದಿನ ಒಬ್ಬರು ತಮ್ಮ ಚಹಾ ಬಿಟ್ಟು ಬಂದು ಇಪ್ಪತ್ತು ನಿಮಿಷ ತೋರಿಸಿದರು.

ಮಂಡಿ ನೋವಿನವರಿಗೆ, ಗಾಲಿಕುರ್ಚಿಯವರಿಗೆ ಮೇಲಿನ ಅಂತಸ್ತು ಕಷ್ಟ, ಮೆಟ್ಟಿಲೊಂದೇ ದಾರಿ. ಅಂಥವರು ಜೊತೆಗಿದ್ದರೆ ಪಕ್ಕದಲ್ಲೇ ಇರುವ ‘ದಿ ವ್ಯೂ’ ಎಂಬ ಮಾಹಿತಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಕಾಡಿನ ಇಡೀ ಕಥೆ ಅಲ್ಲಿ ಸಿಗುತ್ತದೆ.

ಹೊಟ್ಟೆಪಾಡು

ಹತ್ತಿರದಲ್ಲೇ ಹಲಗೆ ಗೋಡೆಯ ಹಳೇ ಕೊಟ್ಟಿಗೆಯಂಥ ಕಟ್ಟಡ ಇದೆ, ಬಟ್ಲರ್ಸ್ ರಿಟ್ರೀಟ್. ಈಗ ಕೆಫೆ. ವಿಕ್ಟೋರಿಯಾ ಕಾಲದಲ್ಲಿ ಈ ಕಾಡಿನ ತುಂಬ ಇಂಥ ‘ರಿಟ್ರೀಟ್’ಗಳಿದ್ದವು. ಪೂರ್ವ ಲಂಡನ್ನಿನ ಬಡ ಮಕ್ಕಳು ವರ್ಷಕ್ಕೊಮ್ಮೆ ಗಾಡಿಯಲ್ಲಿ, ರೈಲಿನಲ್ಲಿ ಬಂದಾಗ ಚಹಾ ತಿಂಡಿ ಕೊಡುತ್ತಿದ್ದ ಜಾಗಗಳು, ಹೆಂಡ ಮಾರುತ್ತಿರಲಿಲ್ಲ. ಉಳಿದುಕೊಂಡಿರುವುದು ಬೆರಳೆಣಿಕೆಯಷ್ಟು. ಭಾನುವಾರ ಮಧ್ಯಾಹ್ನ ಕ್ಯೂ ಜಾಸ್ತಿ. ಬಿಸಿಲಿದ್ದರೆ ಬುತ್ತಿ ಕಟ್ಟಿಕೊಂಡು ಹೋಗಿ ಬಯಲಲ್ಲಿ ಕೂರುವುದೇ ಒಳ್ಳೆಯದು. ನಾಯಿಗಳ ಮೇಲೆ ಒಂದು ಕಣ್ಣಿರಲಿ, ಚಿತ್ರಾನ್ನದ ಡಬ್ಬಿಗೂ ಮೂಗು ಹಾಕುತ್ತವೆ.

ಕಾಡಿಗೆ ಇಳಿಯಿರಿ

ಅಟ್ಟಣೆಯ ಮೇಲಿನಿಂದ ನೋಡಿದ ಬಯಲಿಗೆ ಈಗ ನೀವೇ ಇಳಿಯಬೇಕು. ಜಿಂಕೆಯ ಕಡೆಯಿಂದ ಒಮ್ಮೆ ತಿರುಗಿ ಕಟ್ಟಡ ನೋಡಿ. ಎಲ್ಲಿ ನಿಂತರೂ ಅದು ಕಾಣುತ್ತದೆ, ಅಂದರೆ ಅಲ್ಲಿಂದ ನೀವೂ ಕಾಣುತ್ತೀರಿ.

ಬಯಲಿನ ಪಕ್ಕ ಗಾಲ್ಫ್ ಮೈದಾನ ಇದೆ. ಅಲ್ಲಿ ಆಡುವವರು ಕೆಂಪು ಮೇಲುಡುಪು ಹಾಕಲೇಬೇಕು ಅಂತ ನಿಯಮ, ಓಡಾಡುವ ಜನರಿಗೆ ದೂರದಿಂದಲೇ ಕಾಣಲಿ ಅಂತ. ಕೆಂಪಂಗಿಯವರು ಕೈಯೆತ್ತಿದರೆ ನಿಂತುಕೊಳ್ಳಿ. ಈ ಕಾಡಿನಲ್ಲಿ ಉದ್ದ ಕೊಂಬಿನ ದನಗಳನ್ನೂ ಮೇಯಲು ಬಿಡುತ್ತಾರೆ. ಬೇಲಿ ಇಲ್ಲ, ಕೊರಳಪಟ್ಟಿಯಲ್ಲೇ ಜಿಪಿಎಸ್. ಗಡಿ ಹತ್ತಿರ ಬಂದರೆ ಪಟ್ಟಿ ಸದ್ದು ಮಾಡುತ್ತದೆ, ದನ ತಾನಾಗೇ ತಿರುಗುತ್ತದೆ. ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡುವುದಿಲ್ಲ.

ಬಯಲು ದಾಟಿ ಮರಗಳ ನಡುವೆ ಹೋದರೆ ವಿಚಿತ್ರ ಕಾಣುತ್ತದೆ. ಆಳೆತ್ತರದವರೆಗೆ ದಪ್ಪ ಗಂಟುಗಂಟಿನ ಬೊಡ್ಡೆ, ಅಲ್ಲಿಂದ ಮೇಲೆ ಹತ್ತಾರು ಕೊಂಬೆ ಒಟ್ಟಿಗೇ ಆಕಾಶಕ್ಕೆ ಚಿಮ್ಮಿವೆ. ಮಲೆನಾಡಿನ ಸೊಪ್ಪಿನ ಬೆಟ್ಟ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಸುತ್ತಲ ಊರಿನವರಿಗೆ ಇಲ್ಲಿ ಸೌದೆಗೆ ಕೊಂಬೆ ಸವರುವ ಹಕ್ಕಿತ್ತು. ಬುಡಕ್ಕೇ ಕಡಿದರೆ ಹೊಸ ಚಿಗುರನ್ನು ದನ, ಜಿಂಕೆ ತಿಂದುಬಿಡುತ್ತವೆ, ಅದಕ್ಕೇ ಅವುಗಳ ಬಾಯಿಗೆ ಎಟುಕದ ಎತ್ತರದಲ್ಲಿ ಕಡಿಯುತ್ತಿದ್ದರು. 19ನೇ ಶತಮಾನದಲ್ಲಿ ಜಮೀನ್ದಾರರು ಬೇಲಿ ಹಾಕಿ ಕಾಡು ನುಂಗತೊಡಗಿದಾಗ ಜನ ಇದೇ ಹಕ್ಕಿಗಾಗಿ ಜಗಳಕ್ಕಿಳಿದರು, ಕೋರ್ಟಿಗೆ ಹೋದರು, ಜೈಲಿಗೂ ಹೋದರು. ಕೊನೆಗೆ 1878ರ ಎಪಿಂಗ್ ಫಾರೆಸ್ಟ್ ಕಾಯ್ದೆ ಬಂದು ಕಾಡು ಎಲ್ಲರಿಗೂ ಉಳಿಯಿತು. ಅದೇ ಕಾಯ್ದೆಯಿಂದ ಕೊಂಬೆ ಸವರುವ ಹಕ್ಕು ನಿಂತಿತು. ಹಾಗಾಗಿ ಆ ಕೊಂಬೆಗಳು ಕತ್ತಿ ಕಾಣದೆ ಒಂದೂವರೆ ಶತಮಾನದಿಂದ ಬೆಳೆಯುತ್ತಲೇ ಇವೆ. 1882ರ ಮೇ 6ರಂದು ವಿಕ್ಟೋರಿಯಾ ರಾಣಿ ಇದೇ ಚಿಂಗ್‌ಫರ್ಡ್ ನಿಲ್ದಾಣಕ್ಕೆ ರೈಲಿನಲ್ಲಿ ಬಂದು, ಕಾಡು ಜನರದ್ದು ಅಂತ ಘೋಷಿಸಿ ಹೋದಳು. ಬೇಟೆ ಅಟ್ಟಣೆಯಲ್ಲಿ ಮ್ಯೂಸಿಯಂ ತೆರೆದದ್ದು 1895ರಲ್ಲಿ.

ಎಷ್ಟು ದೂರ ನಡೆಯಬೇಕು ಅಂತ ಗೊತ್ತಾಗದಿದ್ದರೆ ಕನಾಟ್ ವಾಟರ್ ಎಂಬ ಕೆರೆಯವರೆಗೆ ಹೋಗಿ. ಅಟ್ಟಣೆಯಿಂದ ಹತ್ತು ಹದಿನೈದು ನಿಮಿಷ. ಸುತ್ತಲೂ ಚೊಕ್ಕ ಕಾಲುದಾರಿ ಇದೆ, ಮಗುವಿನ ತಳ್ಳುಗಾಡಿಯೂ ಹೋಗುತ್ತದೆ. ಬಣ್ಣಬಣ್ಣದ ಮ್ಯಾಂಡರಿನ್ ಬಾತುಗಳು ಸಿಕ್ಕರೆ ನಿಮ್ಮ ಅದೃಷ್ಟ.

ಜಿಂಕೆ ಕಾಣುತ್ತವೆಯೇ? ಮಧ್ಯಾಹ್ನದ ಗದ್ದಲದಲ್ಲಿ ಕಷ್ಟ. ಬೆಳಿಗ್ಗೆ ಬೇಗ ಅಥವಾ ಹೊತ್ತು ಮುಳುಗುವಾಗ, ಮಾತಿಲ್ಲದೆ ನಡೆದರೆ ಸಿಕ್ಕಾವು. ಇಲ್ಲಿನವು ಫ್ಯಾಲೋ ಜಿಂಕೆ. ಬೇರೆ ಕಡೆ ಇವಕ್ಕೆ ನಮ್ಮ ಚುಕ್ಕೆ ಜಿಂಕೆಯ ಹಾಗೆ ಮೈತುಂಬ ಬಿಳಿ ಚುಕ್ಕೆ ಇರುತ್ತದೆ, ಈ ಕಾಡಿನವು ಮಾತ್ರ ಬಹಳಷ್ಟು ಕಪ್ಪು ಬಣ್ಣದವು. ಮುಸ್ಸಂಜೆಯಲ್ಲಿ ನೆರಳೇ ಎದ್ದು ಓಡಿದಂತೆ ಕಾಣುತ್ತದೆ. ನಾಯಿ ಬೊಗಳಿದಂತೆ ಸದ್ದು ಕೇಳಿ, ನಾಯಿ ಮಾತ್ರ ಕಾಣದಿದ್ದರೆ ಅದು ಮಂಟ್‌ಜ್ಯಾಕ್, ನಮ್ಮ ಕಾಡುಕುರಿಯ ಚೀನಾ ಕಡೆಯ ನೆಂಟ.

ಕತ್ತಲಾಗುವ ಮುಂಚೆ ಬಯಲಿಗೆ ವಾಪಸ್ ಬನ್ನಿ, ಕಾಡಿನೊಳಗೆ ದೀಪಗಳಿಲ್ಲ. ದಾರಿ ತಪ್ಪಿದರೆ ಏರಿನ ಮೇಲೆ ಬಿಳಿ ಕಟ್ಟಡ ಹುಡುಕಿ. ನಿಲ್ದಾಣಕ್ಕೆ ಹೋಗುವ ಮುಂಚೆ ರಸ್ತೆ ಅಂಚಿನ ಹುಲ್ಲಿಗೆ ಬೂಟು ಉಜ್ಜಿಕೊಳ್ಳಿ. ರೈಲು ಸಾಮಾನ್ಯವಾಗಿ ಕಾಲು ಗಂಟೆಗೊಂದು ಇರುತ್ತದೆ, ಓಡಬೇಕಿಲ್ಲ.